ಡ್ರೋನ್ ದೂರ ಹೋಗುವ ಮೊದಲೇ ಸಿಗ್ನಲ್ ಕಡಿಯುತ್ತಿದೆಯೇ? ದೋಷ ಪತ್ತೆಯ ಕೈಪಿಡಿ

ಡಬ್ಬದ ಮೇಲೆ 10 ಕಿಲೋಮೀಟರ್ ಎಂದಿರುತ್ತದೆ. ತೋಟದ ಅಂಚಿನಲ್ಲಿ ನಿಂತು ಹಾರಿಸಿದರೆ 350 ಮೀಟರಿಗೇ ಚಿತ್ರ ಚೌಕಚೌಕವಾಗಿ ಒಡೆದು ‘ಸಿಗ್ನಲ್ ದುರ್ಬಲ’ ಎಂಬ ಎಚ್ಚರಿಕೆ ಬರುತ್ತದೆ. ಸರ್ವಿಸ್ ಸೆಂಟರಿಗೆ ಒಯ್ಯುವ ಮುನ್ನ ಮೈದಾನದಲ್ಲೇ ಪತ್ತೆ ಹಚ್ಚಬಹುದಾದ ಕಾರಣಗಳು ಹಲವಿವೆ. ಈ ಕೈಪಿಡಿ 250 ಗ್ರಾಂ ಆಸುಪಾಸಿನ ಹವ್ಯಾಸಿ ಕ್ಯಾಮೆರಾ ಡ್ರೋನ್‌ಗಳಿಗೆ. ಲೆಕ್ಕಕ್ಕೆ ಬೇಕಾದಲ್ಲೆಲ್ಲ ಡಿಜೆಐ ಮಿನಿ 2 ಮಾದರಿಯ ಅಂಕಿಗಳನ್ನು ಬಳಸಿದ್ದೇವೆ. ವಿಧಾನ ಬೇರೆ ಮಾದರಿಗಳಿಗೂ ಹೊಂದುತ್ತದೆ.

ಎಷ್ಟು ದೂರಕ್ಕೆ ಕಡಿದರೆ ಅದು ದೋಷ?

ಮೊದಲು ಇದನ್ನು ತೀರ್ಮಾನಿಸಿಕೊಳ್ಳಬೇಕು. ಆ 10 ಕಿಲೋಮೀಟರ್ ಎಂಬುದು ಅಡ್ಡಿಯಿಲ್ಲದ ಬಯಲಿನಲ್ಲಿ, ಬೇರೆ ರೇಡಿಯೊ ಗದ್ದಲವಿಲ್ಲದ ಕಡೆ ಸಿಗುವ ಸಿಗ್ನಲ್‌ನ ಕೊನೆ. ಅಷ್ಟು ದೂರ ಹೋಗಿ ವಾಪಸ್ ಬರುವ ಲೆಕ್ಕ ಅದರಲ್ಲಿ ಇಲ್ಲ. ಅಮೆರಿಕದ ಎಫ್‌ಸಿಸಿ ಮಿತಿಯಲ್ಲಿ 10 ಕಿ.ಮೀ. ಎಂದು ಕೊಟ್ಟಿರುವ ಮಿನಿ 2ಕ್ಕೆ ಯುರೋಪಿನ ಸಿಇ ಮಿತಿಯಲ್ಲಿ 6 ಕಿ.ಮೀ. ಮಾತ್ರ ಕೊಟ್ಟಿದ್ದಾರೆ. ಯಂತ್ರ ಅದೇ, ಹೊರಬಿಡುವ ಶಕ್ತಿ ಬೇರೆ.

ಹಾರಿಸುವವರ ನಿಜವಾದ ಮಿತಿ ಕಣ್ಣು. ಮಿನಿ 2 ರೆಕ್ಕೆ ಬಿಚ್ಚಿದಾಗ ಸುಮಾರು 25 ಸೆಂ.ಮೀ. ಉದ್ದ. ಕಣ್ಣಿನ ಡಾಕ್ಟರ ಬಳಿ 6/6 ಸಾಲಿನ ಅಕ್ಷರ ಓದಬಲ್ಲ ಕಣ್ಣಿಗೆ ಒಂದು ಆಕಾರ ಗುರುತು ಹತ್ತಲು ಅದು 5 ಕಲೆಯಷ್ಟು ಕೋನ ತುಂಬಬೇಕು, ಅಂದರೆ ಒಂದು ಡಿಗ್ರಿಯ ಹನ್ನೆರಡನೇ ಒಂದು ಭಾಗ. 25 ಸೆಂ.ಮೀ. ವಸ್ತು ಆ ಕೋನ ತುಂಬುವುದು 170 ಮೀಟರ್ ದೂರದವರೆಗೆ. ಅಲ್ಲಿಂದಾಚೆ ಮೂತಿ ಯಾವ ಕಡೆಗಿದೆ ಎಂದು ತಿಳಿಯದು. 300–400 ಮೀಟರಿನಲ್ಲಿ ಅದು ಬರೀ ಚುಕ್ಕೆ. ಮೋಡದ ಬಿಳುಪಿನ ಮುಂದೆ ಬೂದು ಬಣ್ಣದ ಡ್ರೋನ್ ಆ ಚುಕ್ಕೆಯಾಗಿಯೂ ಉಳಿಯುವುದಿಲ್ಲ. ಒಮ್ಮೆ ಸ್ಕ್ರೀನ್ ನೋಡಿ ತಲೆ ಎತ್ತಿದರೆ ಅದನ್ನು ಮತ್ತೆ ಹುಡುಕಲಾಗುವುದಿಲ್ಲ.

ಆದ್ದರಿಂದ ನಮ್ಮ ಅಳತೆ ಹೀಗೆ: ತೆರೆದ ಜಾಗದಲ್ಲಿ 400 ಮೀಟರ್‌ವರೆಗೆ ಚಿತ್ರವೂ ನಿಯಂತ್ರಣವೂ ಗಟ್ಟಿಯಾಗಿ ನಿಲ್ಲಬೇಕು. ನಿಲ್ಲದಿದ್ದರೆ ದೋಷ ಹುಡುಕಬೇಕು. ಎರಡು ಕಿಲೋಮೀಟರಿಗೆ ಕಡಿಯಿತು ಎಂಬುದು ದೋಷವಲ್ಲ. ಅಲ್ಲಿಗೆ ಹೋಗಿದ್ದೇ ತಪ್ಪು.

ಎತ್ತರದ ಮಿತಿಯನ್ನೂ ಇಲ್ಲೇ ಹೇಳಿಬಿಡಬೇಕು, ಮುಂದಿನ ಲೆಕ್ಕಕ್ಕೆ ಅದು ಬೇಕು. ಭಾರತದ ಡ್ರೋನ್ ನಿಯಮಗಳು 2021ರ ಪ್ರಕಾರ ಮುಂಚಿತ ಅನುಮತಿ ಬೇಡದ ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್. ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವಿನ ಪಟ್ಟಿಯಲ್ಲಿ ಅದು 200 ಅಡಿಗೆ ಇಳಿಯುತ್ತದೆ. ನೀವು ನಿಂತ ಜಾಗ ಯಾವ ಬಣ್ಣದ ವಲಯದಲ್ಲಿದೆ ಎಂಬುದನ್ನು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿಯೇ ಮುಂದುವರಿಯಿರಿ.

ಲಕ್ಷಣದಿಂದ ಶುರು ಮಾಡಿ

ಎಲ್ಲ ‘ಕಡಿತ’ವೂ ಒಂದೇ ರೋಗವಲ್ಲ. ಕಡಿಯುವ ಆ ಕ್ಷಣ ಏನು ಕಂಡಿತು ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ.

- ಪ್ರತಿಸಲ ಒಂದೇ ಅಂಕಿಯಲ್ಲಿ, ಉದಾಹರಣೆಗೆ 50 ಅಥವಾ 100 ಮೀಟರಿನಲ್ಲಿ, ಗೋಡೆಗೆ ತಾಗಿದಂತೆ ನಿಂತರೆ: ಸೆಟ್ಟಿಂಗ್.
- ಚಿತ್ರ ನಿಂತಿದೆ, ಆದರೆ ಸಿಗ್ನಲ್ ಗೆರೆಗಳು ಪೂರ್ತಿ ಇವೆ, ದೂರದ ಅಂಕಿ ಬದಲಾಗುತ್ತಿದೆ: ಫೋನು ಅಥವಾ ಆ್ಯಪ್.
- ಚಿತ್ರವೂ ದೂರದ ಅಂಕಿಯೂ ಒಟ್ಟಿಗೆ ನಿಂತು, ಕೇಬಲ್ ಅಲುಗಾಡಿಸಿದರೆ ಬರುತ್ತದೆ: ಕೇಬಲ್.
- ಚಿತ್ರ ಮೆಲ್ಲಗೆ ಒಡೆಯುತ್ತಾ ಹೋಗಿ, ಡ್ರೋನ್ ಮೇಲಕ್ಕೇರಿದ ಕೂಡಲೇ ಸರಿಹೋಗುತ್ತದೆ: ನಡುವೆ ಅಡ್ಡಿ ಇದೆ.
- ದೂರಕ್ಕೂ ಎತ್ತರಕ್ಕೂ ಸಂಬಂಧವಿಲ್ಲದೆ ಒಂದು ಜಾಗದಲ್ಲಿ ಮಾತ್ರ ಒಡೆಯುತ್ತದೆ: ಅಲ್ಲಿನ ರೇಡಿಯೊ ಗದ್ದಲ.
- ಡ್ರೋನ್ ಮುಖ ತಿರುಗಿಸಿದಾಗ ಮಾತ್ರ ಕಡಿಯುತ್ತದೆ: ಡ್ರೋನಿನ ಆಂಟೆನಾ.
- ಸಿಗ್ನಲ್ ಚೆನ್ನಾಗಿದೆ, ಡ್ರೋನ್ ಮಾತ್ರ ವಾಪಸ್ ಬರುತ್ತಿಲ್ಲ: ಗಾಳಿ.
- ರಿಮೋಟಿನ ನಿಯಂತ್ರಣ ಕಡ್ಡಿ ಮುಟ್ಟದಿದ್ದರೂ ಡ್ರೋನ್ ಸುತ್ತು ಹಾಕುತ್ತಾ ಸುತ್ತನ್ನು ಹಿಗ್ಗಿಸುತ್ತಿದೆ: ಕಂಪಾಸ್. ಕೂಡಲೇ ಇಳಿಸಿ.

ಸೆಟ್ಟಿಂಗ್ ಮತ್ತು ಫೋನು

ಇವೆರಡೂ ಬೇಗ ಮುಗಿಯುವ ಕೆಲಸ. ಆ್ಯಪ್‌ನಲ್ಲಿ ಗರಿಷ್ಠ ದೂರ ಮತ್ತು ಗರಿಷ್ಠ ಎತ್ತರ ನೋಡಿ. ಮಿನಿ 2ರಲ್ಲಿ ಆ್ಯಪ್‌ಗೆ ಲಾಗಿನ್ ಆಗದೆ ಹಾರಿಸಿದರೆ ಎತ್ತರ 30 ಮೀಟರ್, ದೂರ 50 ಮೀಟರಿಗೆ ಕಟ್ಟುಬೀಳುತ್ತದೆ. ಕಲಿಕೆಯ ಮೋಡ್ ಇರುವ ಬೇರೆ ಮಾದರಿಗಳಲ್ಲೂ ಹೀಗೇ. ಜಿಪಿಎಸ್ ಸಾಕಷ್ಟು ಉಪಗ್ರಹ ಹಿಡಿಯುವ ಮೊದಲೇ ಮೇಲೆಬ್ಬಿಸಿದರೂ ಕೆಲವು ಮಾದರಿಗಳು ಎತ್ತರವನ್ನು ತಾವಾಗಿ ಕುಗ್ಗಿಸುತ್ತವೆ. ಗರಿಷ್ಠ ದೂರವನ್ನು ‘ಮಿತಿಯಿಲ್ಲ’ ಎಂದು ಬಿಡುವುದಕ್ಕಿಂತ 500 ಮೀಟರಿಗೆ ಕಟ್ಟುವುದೇ ಒಳ್ಳೆಯದು. ಗಾಳಿಯಲ್ಲಿ ಕೊಚ್ಚಿಕೊಂಡು ಹೋಗುವುದನ್ನು ಅದು ತಡೆಯದು, ಆದರೆ ಕೈ ತಪ್ಪಿ ದೂರ ಓಡಿಸುವುದನ್ನು ತಡೆಯುತ್ತದೆ.

ಫೋನಿನ ಪರೀಕ್ಷೆಗೆ ಡ್ರೋನ್ ಹಾರಿಸಬೇಕಾಗಿಲ್ಲ. 10 ಮೀಟರ್ ದೂರದಲ್ಲಿ ನೆಲದ ಮೇಲಿಟ್ಟು ಮೂರು ನಿಮಿಷ ಚಿತ್ರ ನೋಡಿ. ಅಷ್ಟಕ್ಕೇ ತಡವರಿಸಿದರೆ ರೇಡಿಯೊವನ್ನು ದೂರುವ ಹಾಗಿಲ್ಲ. ಮೂರು ನಿಮಿಷಕ್ಕಿಂತ ಹೆಚ್ಚು ಇಡಬೇಡಿ: ರೆಕ್ಕೆ ತಿರುಗದಿದ್ದರೆ ಒಳಗಿನ ಚಿಪ್‌ಗೆ ಗಾಳಿ ಸಿಗದೆ ಬಿಸಿಯಾಗುತ್ತದೆ. ಬಿಸಿಲಿನಲ್ಲಿ, ಸ್ಕ್ರೀನ್ ಪೂರ್ತಿ ಬೆಳಕಿಗಿಟ್ಟ ಫೋನ್ ಹತ್ತು ಹದಿನೈದು ನಿಮಿಷದಲ್ಲಿ ಕಾದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಅದು ಸರಿಯಾಗಿ ಡ್ರೋನ್ ದೂರ ಹೋದ ಹೊತ್ತಿಗೇ ಆಗುವುದರಿಂದ ಸಿಗ್ನಲ್ ಹೋಯಿತು ಎಂದು ಕಾಣುತ್ತದೆ. ನೆರಳಿನಲ್ಲಿ ನಿಲ್ಲಿ, ದಪ್ಪ ಕವರ್ ತೆಗೆಯಿರಿ, ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚಿ, ಫೋನಿನ ವೈಫೈ ಮತ್ತು ಹಾಟ್‌ಸ್ಪಾಟ್ ಆರಿಸಿ. ನೇರ ಫೋನಿನ ವೈಫೈಗೇ ಜೋಡಿಯಾಗುವ ಅಗ್ಗದ ಡ್ರೋನ್ ಆದರೆ ವೈಫೈ ಆರಿಸುವಂತಿಲ್ಲ, ಅಂಥದ್ದರಿಂದ 400 ಮೀಟರ್ ನಿರೀಕ್ಷಿಸುವಂತೆಯೂ ಇಲ್ಲ.

ನಡುವಿನ ಅಡ್ಡಿ: ಹೆಚ್ಚಿನ ದೋಷ ಇರುವುದು ಇಲ್ಲಿ

ಒಂದು ಸಣ್ಣ ಲೆಕ್ಕ ಇದನ್ನು ಬಿಡಿಸಿ ಹೇಳುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸಿಗ್ನಲ್ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. 6 ಕಿ.ಮೀ.ವರೆಗೆ ಮುಟ್ಟಬಲ್ಲ ರೇಡಿಯೊಗೆ 400 ಮೀಟರ್ ಎಂದರೆ ಹದಿನೈದನೇ ಒಂದು ಭಾಗದ ದೂರ. ಅಲ್ಲಿ ಅಗತ್ಯಕ್ಕಿಂತ 15ರ ವರ್ಗ, ಅಂದರೆ 225 ಪಟ್ಟು ಹೆಚ್ಚು ಸಿಗ್ನಲ್ ಇರಬೇಕು. ಆದರೂ ಕಡಿಯುತ್ತಿದೆ ಎಂದರೆ ಆ 225 ಪಟ್ಟನ್ನು ಯಾವುದೋ ನುಂಗುತ್ತಿದೆ. ಶಕ್ತಿ ಹೆಚ್ಚಿಸುವ ಬೂಸ್ಟರ್, ರಿಮೋಟಿಗೆ ಸಿಕ್ಕಿಸುವ ತಗಡಿನ ಪ್ರತಿಫಲಕ ಕೊಳ್ಳುವ ಮೊದಲು ನುಂಗುವುದನ್ನು ಹುಡುಕಿ.

ನುಂಗುವುದರಲ್ಲಿ ಮೊದಲನೆಯದು ಗಿಡಮರ. ಎಲೆ ಎಂದರೆ ನೀರು, ಈ ತರಂಗಗಳನ್ನು ನೀರು ಹೀರುತ್ತದೆ. ಮಳೆ ನಿಂತ ಮೇಲಿನ ತೊಯ್ದ ತೋಟ ಒಣ ತೋಟಕ್ಕಿಂತ ಕೆಟ್ಟದು. ನೀವು 15 ಮೀಟರ್ ಎತ್ತರದ ಅಡಿಕೆ ತೋಟದಿಂದ 50 ಮೀಟರ್ ಹಿಂದೆ ನಿಂತಿದ್ದೀರಿ, ರಿಮೋಟ್ ನೆಲದಿಂದ 1.5 ಮೀಟರ್ ಮೇಲಿದೆ ಎನ್ನಿ. ರಿಮೋಟಿನಿಂದ ಮರದ ತುದಿಗೆ ಎಳೆದ ಗೆರೆ 50 ಮೀಟರಿಗೆ 13.5 ಮೀಟರ್ ಏರುತ್ತದೆ. ಅದೇ ಗೆರೆ 400 ಮೀಟರ್ ಮುಟ್ಟುವಾಗ 110 ಮೀಟರ್ ಎತ್ತರದಲ್ಲಿರುತ್ತದೆ. ಡ್ರೋನ್ ಅದಕ್ಕಿಂತ ಕೆಳಗಿದ್ದರೆ ತೋಟದ ಹಿಂದೆ ಇದ್ದಂತೆ.

ಗೆರೆ ಮರದ ತುದಿಯನ್ನು ಸವರಿದರೂ ಸಾಲದು. ರೇಡಿಯೊ ತರಂಗ ದಾರದಂತೆ ಹೋಗುವುದಿಲ್ಲ, ನಡುವೆ ಉಬ್ಬಿದ ಕೊಳವೆಯಾಗಿ ಹೋಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ 400 ಮೀಟರ್ ದೂರಕ್ಕೆ ಆ ಕೊಳವೆಯ ನಡುಭಾಗದ ತ್ರಿಜ್ಯ ಮೂರೂವರೆ ಮೀಟರ್. ಮರದ ತುದಿಯಿಂದ ಅಷ್ಟು ಬಿಡುವು ಬೇಕು. ಮೇಲಿನ ಉದಾಹರಣೆಗೆ ಇದನ್ನು ಸೇರಿಸಿದರೆ ಡ್ರೋನ್ 120 ಮೀಟರಿಗಿಂತ ಮೇಲೆ ಹೋಗಬೇಕಾಗುತ್ತದೆ, ಕಾನೂನು ಅದಕ್ಕೆ ಬಿಡುವುದಿಲ್ಲ. ಹಾಗಾಗಿ ಆ ಜಾಗದಲ್ಲಿ ನಿಂತು 400 ಮೀಟರ್ ಹಾರಿಸುವುದು ಯಾವ ರಿಪೇರಿಯಿಂದಲೂ ಆಗದು.

ಈಗ ನೀವೇ 100 ಮೀಟರ್ ಹಿಂದಕ್ಕೆ ಸರಿದು ತೋಟದಿಂದ 150 ಮೀಟರ್ ದೂರ ನಿಲ್ಲಿ. ಅದೇ ಗೆರೆ 400 ಮೀಟರ್ ದೂರದಲ್ಲಿ ಬರೀ 38 ಮೀಟರ್ ಎತ್ತರದಲ್ಲಿರುತ್ತದೆ. ಕೊಳವೆಯ ಬಿಡುವು ಸೇರಿಸಿ 50 ಮೀಟರಿಗೆ ಹಾರಿಸಿದರೆ ಚಿತ್ರ ಒಡೆಯುವುದಿಲ್ಲ. ಖರ್ಚಿಲ್ಲದ ಈ ಪರಿಹಾರವನ್ನು ಎಲ್ಲಕ್ಕಿಂತ ಮೊದಲು ಮಾಡಿ ನೋಡಿ. ಮನೆಯ ಅಂಗಳ, ಕಾರಿನ ಪಕ್ಕ, ಕಬ್ಬಿಣದ ಗೇಟಿನ ಹಿಂದೆ ನಿಲ್ಲುವುದನ್ನು ಬಿಡಿ. ಕೆರೆ ಏರಿ, ಖಾಲಿ ಗದ್ದೆ, ಊರಾಚೆಯ ದಿಬ್ಬ ಹುಡುಕಿ.

ನಿಮ್ಮ ಮೈಯೂ ಅಡ್ಡಿಯೇ. ಡ್ರೋನ್ ಬೆನ್ನ ಹಿಂದಕ್ಕೆ ಹೋದಾಗ ತಲೆ ಮಾತ್ರ ತಿರುಗಿಸಿದರೆ ಸಿಗ್ನಲ್ ನಿಮ್ಮ ಎದೆಯನ್ನು ದಾಟಿ ಹೋಗಬೇಕು. ಪಾದದ ಸಮೇತ ತಿರುಗಿ.

ಆಂಟೆನಾ ಹಿಡಿಯುವ ರೀತಿ ಬಹಳ ಜನರಿಗೆ ತಿಳಿದಿಲ್ಲ. ಚಪ್ಪಟೆ ಆಂಟೆನಾದ ಅಗಲ ಮುಖ ಡ್ರೋನಿನ ಕಡೆ ಇರಬೇಕು. ಬಂದೂಕಿನಂತೆ ತುದಿಯನ್ನು ಗುರಿಯಿಟ್ಟರೆ ಸಿಗ್ನಲ್ ಅತಿ ಕಡಿಮೆ ಇರುವ ದಿಕ್ಕನ್ನೇ ಡ್ರೋನಿಗೆ ತೋರಿಸಿದಂತೆ. ಮಿನಿ 2ರ ರಿಮೋಟಿನಲ್ಲಿ ಆಂಟೆನಾ ಹೊರಗೆ ಕಾಣುವುದಿಲ್ಲ, ಫೋನ್ ಹಿಡಿಯುವ ಮೇಲಿನ ಪಟ್ಟಿಯೊಳಗೆ ಇದೆ. ಫೋನಿನ ಬೆನ್ನು ಡ್ರೋನಿನ ಕಡೆ ನೇರ ನೋಡುವಂತೆ ರಿಮೋಟ್ ಹಿಡಿದರೆ ಸರಿ. ಡ್ರೋನ್ ನೆತ್ತಿಯ ಮೇಲೇ ಬಂದಾಗ ರಿಮೋಟನ್ನು ಹಿಂದಕ್ಕೆ ಬಾಗಿಸಿ. ಕವರಿನಲ್ಲಿ ಲೋಹದ ಉಂಗುರ, ಅಯಸ್ಕಾಂತದ ತಗಡು ಇದ್ದರೆ ತೆಗೆಯಿರಿ.

ರೇಡಿಯೊ ಗದ್ದಲ

ಊರೊಳಗೆ 2.4 ಗಿಗಾಹರ್ಟ್ಸ್ ಪಟ್ಟಿ ಮನೆಮನೆಯ ವೈಫೈಯಿಂದ ತುಂಬಿರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ತಾರಸಿಯಲ್ಲಿ 150 ಮೀಟರಿಗೆ ಕಡಿಯುವ ಡ್ರೋನ್ ಊರಾಚೆ ನೆಟ್ಟಗೆ ಹಾರಿದರೆ ಆಶ್ಚರ್ಯವಿಲ್ಲ. ಡ್ರೋನ್ ಮೇಲೇರಿದಂತೆ ಅದಕ್ಕೆ ಇನ್ನೂ ನೂರಾರು ಮನೆಗಳ ವೈಫೈ ಕೇಳಿಸುತ್ತದೆ, ಹಾಗಾಗಿ ಇಲ್ಲಿ ಎತ್ತರ ಹೆಚ್ಚಿಸಿದರೆ ಸುಧಾರಿಸುವ ಬದಲು ಕೆಡಬಹುದು. ಅಡ್ಡಿಯಿಂದ ಬಂದ ಕಡಿತವನ್ನೂ ಗದ್ದಲದಿಂದ ಬಂದ ಕಡಿತವನ್ನೂ ಬೇರ್ಪಡಿಸುವ ಸುಲಭ ಗುರುತು ಇದು.

ಮೊಬೈಲ್ ಟವರ್ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ವಿಶೇಷ ತೊಡಕಿದೆ. ಇಲ್ಲಿ 4ಜಿಗೆ ಬಳಸುವ ಪಟ್ಟಿಗಳಲ್ಲಿ ಒಂದು 2300ರಿಂದ 2400 ಮೆಗಾಹರ್ಟ್ಸ್. ಡ್ರೋನಿನ 2.4 ಗಿಗಾಹರ್ಟ್ಸ್ ಪಟ್ಟಿ ಶುರುವಾಗುವುದೇ 2400ರಿಂದ. ಟವರಿನ ಎದುರಿಗೇ, ಅದರ ಆಂಟೆನಾ ಎತ್ತರದಲ್ಲೇ ಡ್ರೋನ್ ಹೋದರೆ ಪಕ್ಕದ ಪಟ್ಟಿಯ ಜೋರಿಗೆ ಅದರ ರಿಸೀವರ್ ಮಂಕಾಗುತ್ತದೆ. ಟವರಿನಿಂದ ದೂರ ಇರಿ; ಆಗದಿದ್ದರೆ 5.8 ಗಿಗಾಹರ್ಟ್ಸ್‌ಗೆ ಬದಲಿಸಿ.

5.8ಕ್ಕೆ ಬದಲಿಸುವಾಗ ಒಂದು ಎಚ್ಚರ. ಆ ತರಂಗ ಎಲೆ, ಗೋಡೆಗಳನ್ನು ಇನ್ನೂ ಕಡಿಮೆ ದಾಟುತ್ತದೆ. ಮೇಲಾಗಿ ಸಿಇ ಮಿತಿಯಲ್ಲಿರುವ ಯಂತ್ರ 2.4ರಲ್ಲಿ ಸುಮಾರು 100 ಮಿಲಿವ್ಯಾಟ್ ಬಿಟ್ಟರೆ 5.8ರಲ್ಲಿ ಬಿಡುವುದು 25 ಮಿಲಿವ್ಯಾಟ್. ಗದ್ದಲದ ಪೇಟೆಯಲ್ಲಿ, ಹತ್ತಿರದ ಹಾರಾಟಕ್ಕೆ 5.8, ಮರಗಿಡಗಳ ಹಳ್ಳಿಯಲ್ಲಿ 2.4. ‘ಆಟೋ’ದಲ್ಲಿಟ್ಟರೆ ಯಂತ್ರವೇ ಆರಿಸುತ್ತದೆ, ಸಾಮಾನ್ಯವಾಗಿ ಅದೇ ಸಾಕು. ಮೊದಲು ಎರಡನ್ನೂ ಒಂದೊಂದು ಸಲ ಕೈಯಾರೆ ಇಟ್ಟು ಒಂದೇ ಜಾಗದಲ್ಲಿ ಹೋಲಿಸಿ ನೋಡಿ.

ಹೈಟೆನ್ಷನ್ ಲೈನ್‌ಗಳ ಅಪಾಯ ಬೇರೆ ಬಗೆಯದು: ಕಂಪಾಸ್ ಕೆಡಿಸುತ್ತವೆ, ಅದಕ್ಕಿಂತ ಮುಖ್ಯವಾಗಿ ಸ್ಕ್ರೀನಿನಲ್ಲಿ ತಂತಿ ಕಾಣುವುದಿಲ್ಲ. ಗೋಪುರ ಕಂಡರೆ ತಂತಿ ಇದೆ ಎಂದೇ ತಿಳಿದು ದೂರ ಸರಿಯಿರಿ. ಕಂಪಾಸ್ ಕ್ಯಾಲಿಬ್ರೇಟ್ ಮಾಡುವುದು, ಹಾರಿಸುವುದು ಎರಡನ್ನೂ ಆರ್‌ಸಿಸಿ ತಾರಸಿ, ಕಾರಿನ ಬಾನೆಟ್, ಮ್ಯಾನ್‌ಹೋಲ್ ಮುಚ್ಚಳಗಳಿಂದ ದೂರ, ಮಣ್ಣಿನ ಮೇಲೆ ಮಾಡಿ.

ಡ್ರೋನಿನದೇ ಆಂಟೆನಾ ಕೆಟ್ಟಿದೆಯೇ?

ಒಮ್ಮೆ ಬಿದ್ದ ಡ್ರೋನ್ ಆದರೆ ಈ ಪರೀಕ್ಷೆ ತಪ್ಪಿಸಬೇಡಿ. ಅನೇಕ ಮಾದರಿಗಳಲ್ಲಿ ಆಂಟೆನಾ ಮುಂದಿನ ಕಾಲುಗಳೊಳಗೆ ಇರುತ್ತದೆ. ಹೊರಗೆ ಪ್ಲಾಸ್ಟಿಕ್ ಗೀರೂ ಬೀಳದಿದ್ದರೂ ಒಳಗೆ ಸಣ್ಣ ವೈರ್ ತನ್ನ ಕನೆಕ್ಟರಿನಿಂದ ಕಳಚಿರಬಹುದು. ಮಡಚುವ ತೋಳಿನ ಕೀಲಿನಲ್ಲಿ ಹಾದುಹೋಗುವ ವೈರ್ ಸವೆಯುವುದೂ ಉಂಟು.

ಬಯಲಿನಲ್ಲಿ ಡ್ರೋನನ್ನು 100 ಮೀಟರ್ ದೂರ, 30 ಮೀಟರ್ ಎತ್ತರದಲ್ಲಿ ನಿಲ್ಲಿಸಿ. ಮೂತಿ ಆಚೆಗಿರಲಿ. ರಿಮೋಟಿನ ಎಡ ಕಡ್ಡಿಯಿಂದ ಅದನ್ನು ಒಂದೊಂದು ಸಲ 45 ಡಿಗ್ರಿ ತಿರುಗಿಸುತ್ತಾ, ಪ್ರತಿ ನಿಲುಗಡೆಯಲ್ಲಿ ಹತ್ತು ಸೆಕೆಂಡ್ ಕಾದು ಸಿಗ್ನಲ್ ಗೆರೆ ಬರೆದುಕೊಳ್ಳಿ. ಎಂಟು ನಿಲುಗಡೆಗೆ ಒಂದು ಸುತ್ತು. ಸರಿಯಿರುವ ಡ್ರೋನಿಗೆ ಈ ದೂರದಲ್ಲಿ ಎಂಟರಲ್ಲೂ ಪೂರ್ತಿ ಸಿಗ್ನಲ್ ಬರಬೇಕು. ಒಂದು ಬದಿಯ ಎರಡು ಮೂರು ನಿಲುಗಡೆಗಳಲ್ಲಿ ಮಾತ್ರ ಬೀಳುತ್ತಿದ್ದರೆ ಆ ಬದಿಯ ಆಂಟೆನಾ. ಎಲ್ಲದರಲ್ಲೂ ಸಮನಾಗಿ ಕಡಿಮೆ ಇದ್ದರೆ ರಿಮೋಟನ್ನು ಅನುಮಾನಿಸಿ: ಅದೇ ಮಾದರಿಯ ಬೇರೆ ರಿಮೋಟ್ ಜೋಡಿಸಿ ಮತ್ತೊಂದು ಸುತ್ತು ನೋಡಿ. ಸರ್ವಿಸ್ ಸೆಂಟರಿಗೆ ಹೋಗುವಾಗ ಈ ಚೀಟಿಯನ್ನೂ ಆ್ಯಪ್‌ನ ಫ್ಲೈಟ್ ಲಾಗ್ ಅನ್ನೂ ಕೊಡಿ. ರಿಪೇರಿಯಾಗಿ ಬಂದ ಮೇಲೆ ಅದೇ ಜಾಗದಲ್ಲಿ ಅದೇ ಪರೀಕ್ಷೆ ಮಾಡಿ ಹೋಲಿಸಿ.

ಸಿಗ್ನಲ್ ಇದೆ, ವಾಪಸ್ ಬರುತ್ತಿಲ್ಲ

ಮಿನಿ 2 ಸಾಮಾನ್ಯ ಮೋಡ್‌ನಲ್ಲಿ ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಹೋಗುತ್ತದೆ. ಎದುರುಗಾಳಿ ಸೆಕೆಂಡಿಗೆ 7 ಮೀಟರ್ ಇದ್ದರೆ, ಅಂದರೆ ಗಂಟೆಗೆ 25 ಕಿ.ಮೀ., ಉಳಿಯುವುದು 3 ಮೀಟರ್. 800 ಮೀಟರ್ ದೂರವನ್ನು ಗಾಳಿ ಬೆನ್ನಿಗಿದ್ದಾಗ ಒಂದೂವರೆ ನಿಮಿಷದೊಳಗೆ ಮುಟ್ಟಿದ ಡ್ರೋನಿಗೆ ವಾಪಸ್ ಬರಲು ನಾಲ್ಕೂವರೆ ನಿಮಿಷ ಬೇಕು. ಹೋಗುವಾಗ ಖರ್ಚಾದ ಬ್ಯಾಟರಿ ನೋಡಿ ‘ಇನ್ನೂ ಬೇಕಾದಷ್ಟಿದೆ’ ಎಂದುಕೊಳ್ಳುವುದು ಇಲ್ಲೇ ಕೈಕೊಡುತ್ತದೆ. ಕಂಪನಿ ಕೊಟ್ಟ 31 ನಿಮಿಷದ ಹಾರಾಟದ ಅವಧಿ ಗಾಳಿಯಿಲ್ಲದೆ, ಸೆಕೆಂಡಿಗೆ 4.7 ಮೀಟರ್ ವೇಗದಲ್ಲಿ ಅಳೆದದ್ದು.

ನೆಲದಲ್ಲಿ ಎಲೆ ಅಲುಗದಿದ್ದರೂ 100 ಮೀಟರ್ ಮೇಲೆ ಗಾಳಿ ಜೋರಿರಬಹುದು. ಆಷಾಢದಲ್ಲಿ ಇದು ದಿನನಿತ್ಯದ ಮಾತು. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದೇ ಅಲ್ಲಿನ ಗಾಳಿಗಾಗಿ, ಅದನ್ನು ನೆನಪಿಡಿ. ಕರಾವಳಿಯಲ್ಲಿ ಮಧ್ಯಾಹ್ನ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ಒಳನಾಡಿನ ಕಡೆ ಕಳಿಸಿದ ಡ್ರೋನ್ ಅದಕ್ಕೆ ಎದೆಯೊಡ್ಡಿಯೇ ಮರಳಬೇಕು. ಆದಕಾರಣ ಮೊದಲು ಗಾಳಿಗೆ ಎದುರಾಗಿ ಕಳಿಸಿ. ದಣಿದ ಬ್ಯಾಟರಿಯಲ್ಲಿ ವಾಪಸ್ ಬರುವಾಗ ಗಾಳಿ ಹಿಂದಿನಿಂದ ತಳ್ಳುತ್ತದೆ.

ಸಿಕ್ಕಿಹಾಕಿಕೊಂಡಾಗ ಮಾಡಬೇಕಾದ್ದು: ಕೆಳಗೆ ಅಡ್ಡಿಯಿಲ್ಲವೆಂದು ಖಚಿತವಿದ್ದರೆ ಎತ್ತರ ಇಳಿಸಿ, ಏಕೆಂದರೆ ಕೆಳಗೆ ಗಾಳಿ ಕಡಿಮೆ. ತಾನಾಗಿ ಮರಳುವ ಆರ್‌ಟಿಎಚ್ ಚಾಲೂ ಇದ್ದು ತೆವಳುತ್ತಿದ್ದರೆ ಅದನ್ನು ರದ್ದುಮಾಡಿ ಸ್ಪೋರ್ಟ್ ಮೋಡ್‌ಗೆ ಹಾಕಿ ಕೈಯಾರೆ ತನ್ನಿ. ಸೆಕೆಂಡಿಗೆ 16 ಮೀಟರ್ ವೇಗದಲ್ಲಿ 7 ಕಳೆದರೂ 9 ಉಳಿಯುತ್ತದೆ, 800 ಮೀಟರಿಗೆ ಒಂದೂವರೆ ನಿಮಿಷ. ಬ್ಯಾಟರಿ ಬೇಗ ಇಳಿಯುತ್ತದೆ, ಆದರೂ ದೂರಕ್ಕೆ ಹೋಲಿಸಿದರೆ ಲಾಭವೇ. ಅದೂ ಆಗದಿದ್ದರೆ ಜನರಿಲ್ಲದ, ನೀವು ನಡೆದು ಮುಟ್ಟಬಹುದಾದ ಬಯಲಲ್ಲಿ ಇಳಿಸಿ.

ಬ್ಯಾಟರಿಯೇ ಸೋತಿರಲೂಬಹುದು. ಆ್ಯಪ್‌ನಲ್ಲಿ ಸೆಲ್‌ಗಳ ವೋಲ್ಟೇಜ್ ಬೇರೆಬೇರೆಯಾಗಿ ಕಾಣಿಸಿದರೆ ನೋಡಿ: ಹಾರುವಾಗ ಎರಡರ ನಡುವೆ 0.1 ವೋಲ್ಟಿಗಿಂತ ಹೆಚ್ಚು ಅಂತರ ನಿಂತರೆ ಆ ಬ್ಯಾಟರಿಯನ್ನು ದೂರದ ಹಾರಾಟಕ್ಕೆ ಬಳಸಬೇಡಿ. ಉಬ್ಬಿದ ಬ್ಯಾಟರಿಯನ್ನಂತೂ ಹಾಕಲೇಬೇಡಿ. ಕೊಡಗು, ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಮೊದಲ ಒಂದೆರಡು ನಿಮಿಷ ಹತ್ತಿರದಲ್ಲೇ ತೇಲಿಸಿ ಸೆಲ್ ಬೆಚ್ಚಗಾದ ಮೇಲೆ ಕಳಿಸಿ. ಗಾಳಿಯಿದ್ದ ದಿನ 50 ಶೇಕಡಕ್ಕೆ ಮೂತಿ ತಿರುಗಿಸಿ, 25ಕ್ಕೆ ನೆಲದ ಮೇಲಿರಲಿ.

ಹಾರಾಟದ ನಡುವೆ ಕಡಿದರೆ

ಇದಕ್ಕೆ ಸಿದ್ಧತೆ ನೆಲದಲ್ಲೇ ಆಗಬೇಕು. ಸಿಗ್ನಲ್ ಹೋದಾಗ ‘ಮರಳಿ ಬಾ’ ಎಂದೇ ಸೆಟ್ಟಿಂಗ್ ಇರಲಿ. ‘ನಿಂತಲ್ಲೇ ನಿಲ್ಲು’ ಎಂದಿದ್ದರೆ ಬ್ಯಾಟರಿ ಮುಗಿಯುವವರೆಗೆ ನಿಂತು ಅಲ್ಲೇ ಇಳಿಯುತ್ತದೆ. ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರ, ಟವರಿಗಿಂತ 20 ಮೀಟರ್ ಮೇಲಿಡಿ. ಮಿನಿ 2ರಂಥವಕ್ಕೆ ಮುಂದಿನ ಅಡ್ಡಿ ಕಾಣುವ ಕಣ್ಣಿಲ್ಲ, ನೇರ ಬಂದು ತೆಂಗಿನ ಗರಿಗೆ ಹೊಡೆಯುತ್ತದೆ. ‘ಹೋಮ್ ಪಾಯಿಂಟ್ (ಡ್ರೋನ್ ಮರಳಬೇಕಾದ ಜಾಗ) ದಾಖಲಾಯಿತು’ ಎಂಬ ಸೂಚನೆ ಬರುವವರೆಗೆ ಮೇಲೆಬ್ಬಿಸಬೇಡಿ.

ಕಡಿದ ಕೂಡಲೇ ಕಡ್ಡಿಗಳನ್ನು ಬಿಡಿ. ಆ್ಯಪ್ ಮುಚ್ಚಬೇಡಿ, ರಿಮೋಟ್ ಆರಿಸಬೇಡಿ. ಆಂಟೆನಾ ಸರಿಮಾಡಿ ರಿಮೋಟನ್ನು ತಲೆಗಿಂತ ಮೇಲೆತ್ತಿ, ತೆರೆದ ಕಡೆಗೆ ಹತ್ತಿಪ್ಪತ್ತು ಹೆಜ್ಜೆ ಸರಿಯಿರಿ. ಡ್ರೋನ್ ಮರಳುವ ಎತ್ತರಕ್ಕೆ ಏರಿದಾಗ ಹೆಚ್ಚಾಗಿ ಚಿತ್ರ ತಾನೇ ಬರುತ್ತದೆ. ಬಂದ ತಕ್ಷಣ ಮರಳುವಿಕೆ ರದ್ದುಮಾಡಿ ಚಿತ್ರೀಕರಣ ಮುಂದುವರಿಸಬೇಡಿ, ಅದನ್ನು ಹತ್ತಿರಕ್ಕೆ ಬರಗೊಡಿ.

ಬರಲಿಲ್ಲವೆಂದಾದರೆ ಆ್ಯಪ್‌ನ ‘ಫೈಂಡ್ ಮೈ ಡ್ರೋನ್’ ತೋರಿಸುವ ಕೊನೆಯ ಜಾಗದ ಸ್ಕ್ರೀನ್‌ಶಾಟ್ ತೆಗೆದು ಅಕ್ಷಾಂಶ ರೇಖಾಂಶಗಳನ್ನು ಬರೆದಿಟ್ಟುಕೊಳ್ಳಿ. ರಿಮೋಟ್ ಚಾಲೂ ಇಟ್ಟುಕೊಂಡೇ ಆ ಕಡೆ ನಡೆಯಿರಿ. ಹತ್ತಿರವಾದಾಗ ಸಂಪರ್ಕ ಮರಳಿದರೆ ದೀಪ, ಶಬ್ದ ಮಾಡಿಸಬಹುದು. ವಿದ್ಯುತ್ ತಂತಿ ಅಥವಾ ಟ್ರಾನ್ಸ್‌ಫಾರ್ಮರ್ ಮೇಲೆ ಬಿದ್ದಿದ್ದರೆ ಕೋಲು, ದೋಟಿ ಹಾಕದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಸಿಕ್ಕಿದ ಡ್ರೋನಿನ ಬ್ಯಾಟರಿ ಕಳಚಿ, ಬಟ್ಟೆ ಕಾಗದಗಳಿಂದ ದೂರ, ಮನೆಯ ಹೊರಗೆ ಮಣ್ಣಿನ ಮೇಲೆ ಒಂದು ರಾತ್ರಿ ಇಡಿ. ಅದು ಉಬ್ಬಿದ್ದರೆ, ನೆಗ್ಗಿದ್ದರೆ ಅಥವಾ ನೀರು ಕುಡಿದಿದ್ದರೆ ಚಾರ್ಜಿಗೆ ಹಾಕಬೇಡಿ.